ಬಾಗಿಲ ಸಂದಿಯಲ್ಲಿ ನಿನ್ನ ಕೈ

1993ರಲ್ಲಿ, ಏಳನೇ ಕ್ಲಾಸಿಗೆ, ನಾನು ಶಾಲೆ ಬಿಟ್ಟೆ. ಹೆನ್ರಿ, ನಿನ್ನ ಬಲಗೈ ಮುರಿದದ್ದು ಗಾಳಿಗೆ ಬಡಿದ ಬಾಗಿಲಲ್ಲ — ನಾನು. ಮೊದಲನೆಯದನ್ನು ಮುಚ್ಚಿಡಲಿಕ್ಕೆ ಹೋಗಿಯೇ ಎರಡನೆಯದನ್ನು ಮಾಡಿದ್ದು. ಇದು ನಿನಗೆ ಗೊತ್ತು, ನಿನ್ನ ಮನೆಯವರಿಗೆ ಗೊತ್ತಿಲ್ಲ.

ಗಲ್ಫಿನಲ್ಲಿ, ಅಲ್ ಕುಸೈಸಿನ ನಮ್ಮ ರೂಮಿನಲ್ಲಿ ರಜೆಯ ಮಧ್ಯಾಹ್ನ ನೀನು ಗೋಡೆಗೆ ಬೆಡ್‌ಶೀಟ್ ಕಟ್ಟಿ ಹಳೆಯ ಜಪಾನಿ ಸಿನೆಮಾ ಹಾಕುತ್ತಿದ್ದೆ. ಹೋಟೆಲಿನಲ್ಲಿ ಕೇಕಿನ ಮೇಲೆ ಹೂ ಬಿಡಿಸುವವ ನೀನು. ನಾನು ಕಾಂಕ್ರೀಟಿಗೆ ಹಲಗೆ ಕಟ್ಟುವ ಶಟರಿಂಗ್ ಕಾರ್ಪೆಂಟರ್. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲು ನನಗೆ ಓದಲಿಕ್ಕೆ ಆಗುತ್ತಿರಲಿಲ್ಲ. ನೀನು ಎಲ್ಲರಿಗೂ ಎನ್ನುವ ಹಾಗೆ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೆ — ನನ್ನ ಮರ್ಯಾದೆ ಉಳಿಸಲಿಕ್ಕೆ.

ಆ ದಿನದ ಸಿನೆಮಾದಲ್ಲಿ ಒಡೆಯನಿಲ್ಲದ ಕತ್ತಿಯಾಳೊಬ್ಬ ಶ್ರೀಮಂತರ ಮನೆಯಲ್ಲಿ ಊಟಕ್ಕೆ ಕೂತಿದ್ದ. ಕ್ಯಾಮೆರಾ ಚಾಪೆಯ ಮಟ್ಟಕ್ಕೇ ಇತ್ತು, ನಾವೂ ಪಂಕ್ತಿಯಲ್ಲಿ ಕೂತ ಹಾಗೆ. ಅವನ ತೇಪೆ ಬಟ್ಟೆ ನೋಡಿ ಆಳುಗಳು ನಕ್ಕರು.

ರೂಮಿಗೆ ಹೊಸದಾಗಿ ಬಂದಿದ್ದ ಹುಬ್ಬಳ್ಳಿಯ ಇಲೆಕ್ಟ್ರಿಶಿಯನ್ ಕೇಳಿದ: "ಕೆಳಗ ಬರದೈತಲ್ರೀ, ಮತ್ಯಾಕ ಓದಿ ಹೇಳ್ತೀರಿ?"

ನೀನು ನನ್ನ ಕಡೆ ತಿರುಗಿ ಮಾತು ತೇಲಿಸಿದೆ: "ನಮ್ಮ ಸಂಜೀವಣ್ಣನಿಗೆ ಕಣ್ಣಿಗಿಂತ ಕಿವಿ ಜೋರು ಮಾರಾಯ್ರೆ."

ಎಲ್ಲರೂ ನಕ್ಕರು. ಪರದೆಯ ಮೇಲೆ ಅವನು ಕತ್ತಿಗೆ ಕೈ ಹಾಕಿದ. ಮಾನ ಎಂದರೆ ಇದೇ ಎಂದುಕೊಂಡೆ —

ನಿನ್ನ ಮುಖಕ್ಕೆ ಗುದ್ದಿದೆ. ಮೂಗಿನ ರಕ್ತ ಬೆಡ್‌ಶೀಟಿಗೆ ಹಾರಿತು. ಕಾಲರ್ ಹಿಡಿದು ಹೊರಗೆ ದಬ್ಬಿದೆ; ನೀನು ಚೌಕಟ್ಟು ಹಿಡಿದುಕೊಂಡೆ. ಬೆರಳು ಅಲ್ಲಿರುವುದು ಕಂಡಿತು. ಕಂಡೇ ಬಾಗಿಲು ಬಡಿದೆ. ಮತ್ತೊಮ್ಮೆ ಬಡಿದೆ. ಎಲುಬಿನ ಸದ್ದು — ಹಸಿ ಕಡ್ಡಿ ಮುರಿದ ಹಾಗೆ.

ಆಸ್ಪತ್ರೆಯಲ್ಲಿ ನೀನೇ ಹೇಳಿದೆ, "ಗಾಳಿಗೆ ಬಾಗಿಲು ಬಡಿಯಿತು." ನಾನು ಜೈಲಿಗೆ ಹೋಗಬಾರದೆಂದು. ಪಕ್ಕದಲ್ಲಿ ನಿಂತು ನಾನು ಹೌದೆಂದು ತಲೆಯಾಡಿಸಿದೆ. ಎರಡು ಬೆರಳು ಮತ್ತೆ ಮಡಚಲಿಲ್ಲ. ಕೆಲಸ ಹೋಯಿತು, ನೀನು ಊರಿಗೆ ಹೋದೆ.

ಕಳೆದ ವರ್ಷ ಆ ಸಿನೆಮಾದ ಉಳಿದ ಭಾಗ ಒಬ್ಬನೇ ನೋಡಿದೆ, ಸಾಲು ಸಾಲಿಗೂ ನಿಲ್ಲಿಸಿ ಓದಿಕೊಂಡು. ಕತ್ತಿಯ ಏಟು ತೋರಿಸುವುದೇ ಇಲ್ಲ. ಕಾಗದದ ಬಾಗಿಲು ಮುಚ್ಚುತ್ತದೆ. ಆಮೇಲೆ ಅವನು ಮಂಡಿಯೂರಿ, ಚೆಲ್ಲಿದ ಅನ್ನವನ್ನು ಒಂದೊಂದೇ ಅಗುಳು ಹೆಕ್ಕುತ್ತಾನೆ. ಅದು ಮಾನದ ಕತೆಯೇ ಆಗಿರಲಿಲ್ಲ ಹೆನ್ರಿ. ನೀನು ಅಂದು ಕೊನೆಯವರೆಗೆ ಓದಿ ಹೇಳುತ್ತಿದ್ದೆ. ನಾನು ಬಿಡಲಿಲ್ಲ.

ಈಗ ನನಗಿರುವುದು: ಸ್ವಂತ ವರ್ಕ್‌ಶಾಪ್ ಒಂದು, ಪಿಕಪ್ ಎರಡು, ಕೆಲಸದವರು ಒಂಬತ್ತು, ಸರಿಯಾಗಿ ಮಡಚುವ ಬೆರಳು ಹತ್ತು.