ಎಡಗೈ ಕ್ಯಾಮೆರಾ

ಬೀದಿಯವರಿಗೆಲ್ಲ ಅವರು ಹಲ್ಲುಮಾಮ. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಮೇಣದಲ್ಲಿ ಅಚ್ಚು ತಿದ್ದಿ ಕಟ್ಟುಹಲ್ಲು ಮಾಡುವುದು ಅವರ ಕೆಲಸ. ಸುತ್ತಲಿನ ಮುದುಕರೆಲ್ಲ ಬಾಯ್ತುಂಬ ನಗುವುದು ಅವರ ಕೈಗುಣದಿಂದಲೇ. ಮನೆಗೆ ಬಂದರೆ ಮಾತ್ರ ಬೇರೆಯೇ ಹುಚ್ಚು: ಹಳೆಯ ರೀಲು ಕ್ಯಾಮೆರಾಗಳು. ಅದೂ ಎಲ್ಲರ ಹತ್ತಿರ ಇರುವಂಥವಲ್ಲ. ಒಂದೇ ಮಾದರಿಯಲ್ಲಿ ಕಂಪನಿಯವರು ಕೆಲವೇ ಕೆಲವನ್ನು ಬೇರೆ ಥರ ಮಾಡಿಬಿಟ್ಟಿರುತ್ತಾರಲ್ಲ, ಅಂಥವು.

"ಎಲ್ಲಾ ಒಂದೇ ಥರ ಇದಾವಲ್ರೀ," ಎಂದು ಹೆಂಡತಿ ಧೂಳು ಒರೆಸುತ್ತ ಕೇಳುತ್ತಿದ್ದಳು.

"ಸರಿಯಾಗಿ ನೋಡೇ. ಇದಕ್ಕೆ ಹೊದಿಸಿರೋ ಚರ್ಮ ಹಸಿರು. ಇದರಲ್ಲಿ ಕೆತ್ತೋನು ಹೆಸರಲ್ಲಿ ಒಂದು ಅಕ್ಷರಾನೇ ನುಂಗಿಬಿಟ್ಟಿದಾನೆ. ತುಂಬ ಅಪರೂಪ!"

"ನಾನು ಅಡುಗೆಗೆ ಉಪ್ಪು ಹಾಕೋದು ಮರೆತ್ರೆ ಮಾತ್ರ ಅಪರೂಪ ಅನ್ನಲ್ಲ ನೀವು."

ಅವರ ಅಕ್ಕ ಒಂದು ಕಾಲಕ್ಕೆ ಫೋಟೋ ಸ್ಟುಡಿಯೋ ನಡೆಸಿದವರು. ಎಂಥ ದೊಡ್ಡ ಮನುಷ್ಯ ಬಂದರೂ ಗದರಿಸಿ ಬೆನ್ನು ನೆಟ್ಟಗೆ ಮಾಡಿಸುತ್ತಿದ್ದ ಗಟ್ಟಿಗಿತ್ತಿ. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಸ್ಟುಡಿಯೋ ಮುಚ್ಚಿ ತಮ್ಮನ ಮನೆಗೆ ಬಂದರು. ಕಾಲೆಳೆದುಕೊಂಡಾದರೂ ನಡೆಯಬಲ್ಲರು, ಮಾತೂ ಸ್ಪಷ್ಟವಾಗಿತ್ತು. ಆದರೆ "ಊಟ?" ಅಂದರೆ "ಹೂಂ", "ಹೊರಗೆ ಹೋಗೋಣ್ವಾ?" ಅಂದರೆ "ಬೇಡ". ದಿನವೆಲ್ಲ ಕಿಟಕಿ ಪಕ್ಕದ ಕುರ್ಚಿ. ತನ್ನನ್ನು ಬೈಯದ ಅಕ್ಕನನ್ನು ಹಲ್ಲುಮಾಮನಿಗೆ ನೋಡಲಾಗುತ್ತಿರಲಿಲ್ಲ.

ಹೀಗಿರುವಾಗ, ಇಂಥದ್ದೇ ಹುಚ್ಚಿನ ಗೆಳೆಯರೊಬ್ಬರು, ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು, ಹಸಿರು ಚರ್ಮದ ಕ್ಯಾಮೆರಾಕ್ಕೆ ಬದಲಾಗಿ ಇನ್ನೊಂದನ್ನು ಕೊಡಲು ಒಪ್ಪಿದರು. ಅದರಲ್ಲಿ ಫೋಟೋ ತೆಗೆಯುವ ಗುಂಡಿ, ರೀಲು ತಿರುಗಿಸುವ ಹಿಡಿ ಎಲ್ಲವೂ ಎಡಗಡೆಗೆ. ಯುದ್ಧದಲ್ಲಿ ಬಲಗೈ ಕಳೆದುಕೊಂಡವರಿಗೆಂದೇ ಮಾಡಿದ್ದು. ಉಳಿದಿರುವುದು ಬೆರಳೆಣಿಕೆಯಷ್ಟು.

"ರೀಲುಗೀಲು ಹಾಕೀರಿ ಮತ್ತೆ! ಒಂದು ಗೀರು ಬಿದ್ರೂ ಹೋಯ್ತು," ಎಂದು ಎಂಜಿನಿಯರ್ ಎಚ್ಚರಿಸಿದರು.

ತಂದದ್ದೇನೋ ಅಕ್ಕನನ್ನು ನೆನೆದೇ. ಕೊಡುವುದಕ್ಕೆ ಮಾತ್ರ ಧೈರ್ಯ ಸಾಲಲಿಲ್ಲ. ನನ್ನ ಕೈ ಹೋಗಿದ್ದನ್ನು ತಮ್ಮ ಎತ್ತಿ ತೋರಿಸಿದ ಎಂದು ಅಕ್ಕ ನೊಂದುಕೊಂಡರೆ? ಗಾಜಿನ ಬೀರುವಿನಲ್ಲಿಟ್ಟು ಸುಮ್ಮನಾದರು.

ಹೆಂಡತಿ ತಂಗಿಯ ಮನೆಗೆ ಹೋಗಿದ್ದ ಒಂದು ಸಂಜೆ ಹಲ್ಲುಮಾಮ ಕೆಲಸ ಮುಗಿಸಿ ಬಂದರೆ ಮನೆಯ ಬಾಗಿಲು ಹಾರುಹೊಡೆದಿದೆ. ಬೀರು ತೆರೆದಿದೆ. ಎಡಗೈ ಕ್ಯಾಮೆರಾ ಇಲ್ಲ. ಕಳ್ಳ! ಕಿಟಕಿಯತ್ತ ತಿರುಗಿದರು. ಕುರ್ಚಿಯೂ ಖಾಲಿ. ಆ ಕ್ಷಣವೇ ಕ್ಯಾಮೆರಾ ತಲೆಯಿಂದ ಹಾರಿಹೋಯಿತು. "ಅಕ್ಕಾ!" ಎಂದು ಕೂಗುತ್ತ ಅಡುಗೆಮನೆ, ಬಚ್ಚಲು, ಮಹಡಿ ಎಲ್ಲ ಜಾಲಾಡಿದರು. ಕಳ್ಳನನ್ನು ತಡೆಯಲು ಹೋಗಿ ಏನಾದರೂ... ಮುಂದೆ ಯೋಚಿಸಲಾರದೆ ಬರಿಗಾಲಲ್ಲೇ ಬೀದಿಗೆ ಓಡಿದರು.

ತಿರುವಿನ ಟೈಲರ್ ಅಂಗಡಿಯ ಮುಂದೆ ಗುಂಪು ಸೇರಿತ್ತು. ಜನರನ್ನು ತಳ್ಳಿಕೊಂಡು ನುಗ್ಗುವಷ್ಟರಲ್ಲಿ ಒಳಗಿನಿಂದ ಗದರಿಕೆ ಕೇಳಿಸಿತು:

"ಗಲ್ಲ ಇಳಿಸಪ್ಪ! ನಾನು ತೆಗೀತಿರೋದು ನಿನ್ನ ಫೋಟೋ, ಮೂಗಿನ ಹೊಳ್ಳೇದಲ್ಲ."

ಅಕ್ಕ! ಎಡಗೈಯಲ್ಲಿ ಕ್ಯಾಮೆರಾ ಹಿಡಿದು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಎದುರಿಗೆ ಟೈಲರ್, ಕೊರಳಲ್ಲಿ ಟೇಪು, ಉಸಿರು ಬಿಗಿಹಿಡಿದು ಗೊಂಬೆಯಂತೆ ನಿಂತಿದ್ದ. ಟಕ್ ಎಂದಿತು ಕ್ಯಾಮೆರಾ.

"ಯಾಕೋ ಬರಿಗಾಲಲ್ಲಿ ಬಂದೆ?" ಅಕ್ಕ ಇತ್ತ ತಿರುಗಿದರು. "ಬೆಳಕಿಗೆ ಅಡ್ಡ ನಿಂತಿದೀಯ. ಸರಿ ಆಚೆ."

ಹಲ್ಲುಮಾಮ ಸರಿದರು. ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕಣ್ಣೊರೆಸಿಕೊಂಡು ನಕ್ಕರು. ಬೈಗುಳ ಇಷ್ಟು ಹಿತವಾಗಿರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ.

ಮನೆಗೆ ನಡೆಯುವಾಗ ಅಕ್ಕ ಎಲ್ಲ ಹೇಳಿದರು. ಗುಂಡಿ ಎಡಗಡೆಗಿರುವುದು ಬೀರುವಿನ ಗಾಜಿನಾಚೆಯಿಂದಲೇ ಕಂಡಿತ್ತು. ಸ್ಟುಡಿಯೋದಿಂದ ತಂದ ಪೆಟ್ಟಿಗೆಯಲ್ಲಿ ಒಂದು ಹಳೆಯ ರೀಲಿತ್ತು. ಒಂದೇ ಕೈಯಲ್ಲಿ ಹಾಕಲಾಗದೆ ಟೈಲರ್ ಹತ್ತಿರ ಹೋಗಿ, ಹೇಳಿಕೊಟ್ಟು ಹಾಕಿಸಿಕೊಂಡಿದ್ದರು.

"ಅಂಗಡಿಗೆ ಹೋಗ್ತಾ ಕ್ಯಾಮೆರಾ ಕಂಬಕ್ಕೆ ತಾಗಿ ಮೂಲೆ ಜಜ್ಜಿಹೋಯ್ತು ಕಣೋ."

ಹಲ್ಲುಮಾಮ ತಗ್ಗನ್ನು ಹೆಬ್ಬೆರಳಿಂದ ಸವರಿದರು. "ಹೋಗ್ಲಿ ಬಿಡಕ್ಕ."

"ಮೊದಲೇ ಕೊಡಬಾರದಿತ್ತಾ?"

"ನೀನು ನೊಂದ್ಕೋತೀಯ ಅಂತ..."

"ಎಲ್ರೂ ನನ್ನನ್ನ ಗಾಜಿನ ಲೋಟದ ಥರ ಹುಷಾರಾಗಿ ಎತ್ತಿ ಇಡ್ತಿದ್ರಿ. ನೋವಾಗಿದ್ದು ಅದು."

ರೀಲು ಹಳತಾಗಿದ್ದರಿಂದ ಅರ್ಧಕ್ಕರ್ಧ ಚಿತ್ರಗಳಿಗೆ ಮಂಜು ಕವಿದಿತ್ತು. ಟೈಲರ್ ಚಿತ್ರ ಮಾತ್ರ ಚೆನ್ನಾಗಿ ಬಂತು. ಅವನು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ಹೊಸ ರೀಲು ಬಂತು. ಸಂಜೆ ಅಕ್ಕನ ಮುಂದೆ ಕೂರಲು ಜನ ಮನೆಗೇ ಬರತೊಡಗಿದರು.

ಒಂದು ದಿನ ಎಂಜಿನಿಯರ್ ಬಂದು ಜಜ್ಜಿದ ಮೂಲೆ ಕಂಡು ತಲೆ ಮೇಲೆ ಕೈಹೊತ್ತರು. "ಅಯ್ಯೋ, ಹಾಳು ಮಾಡಿಬಿಟ್ರಲ್ರೀ! ಇಂಥದ್ದು ಇನ್ನೆಲ್ಲಿ ಸಿಗುತ್ತೆ?"

ಹಲ್ಲುಮಾಮ ಬಾಯಿ ತೆರೆಯುವ ಮೊದಲೇ ಅಕ್ಕ ಕುರ್ಚಿ ತೋರಿಸಿದರು. "ಅಲ್ಲಿ ಕೂತ್ಕೊಳ್ಳಿ. ಕೈ ಇಳಿಸಿ. ಹೂಂ, ಇನ್ನು ಅಲುಗಾಡಬೇಡಿ."

ಎಂಜಿನಿಯರ್ ತೆಪ್ಪಗೆ ಕೂತು ಬೆನ್ನು ನೆಟ್ಟಗೆ ಮಾಡಿಕೊಂಡರು.