ರೈಟರ್ ಮೊಣ್ಣಪ್ಪನವರ ಇಂಗ್ಲಿಷ್

ಅಮ್ಮತ್ತಿಯ ಆಚೆಗಿನ ಕಾಫಿ ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಮೊಣ್ಣಪ್ಪನವರು ಒಮ್ಮೆ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿ ಒಂದು ಮಾತು ಕಲಿತು ಬಂದರು. ವಕೀಲರು 'ಎಕ್ಸ್‌ಟೆನ್ಯುಯೇಟಿಂಗ್ ಸರ್ಕಮ್‌ಸ್ಟಾನ್ಸಸ್' ಎಂದದ್ದೇ ತಡ, ಕಳ್ಳನ ಶಿಕ್ಷೆ ಅರ್ಧಕ್ಕೆ ಇಳಿಯಿತಂತೆ. ತಪ್ಪು ನಿಜ, ಆದರೆ ಅದನ್ನು ಹಗುರ ಮಾಡುವ ಸಂದರ್ಭವೊಂದಿದೆ ಎಂದು ಅದರ ಅರ್ಥ. ಅಂದಿನಿಂದ ಯಾವ ಆಳು ಹಣ್ಣಿನ ಬದಲು ಹಸಿರು ಕಾಯಿ ಕೊಯ್ದರೂ ಮೊಣ್ಣಪ್ಪನವರು ತೋಟದ ಸಾಹುಕಾರರ ಮುಂದೆ ಟೊಪ್ಪಿ ತೆಗೆದು ಆ ಮಾತನ್ನು ಒಪ್ಪಿಸುತ್ತಿದ್ದರು. ಬೇಲಿ ಮುರಿದ ಆನೆಯನ್ನೂ ಬಿಡಲಿಲ್ಲ: "ಹಲಸಿನ ಪರಿಮಳ ಸಾರ್, ಅಷ್ಟುದ್ದ ಮೂಗು, ಅದಾದ್ರೂ ಏನ್ ಮಾಡೀತು?" ಸಾರಿಗೆ ಉಪ್ಪು ಮರೆತ ಹೆಂಡತಿ ಬೊಳ್ಳಮ್ಮನಿಗೂ ಅದನ್ನೇ ದಯಪಾಲಿಸಿದಾಗ, "ಹಾಗಾದ್ರೆ ಆ ಇಂಗ್ಲಿಷನ್ನೇ ಕಲಸ್ಕೊಂಡು ಉಣ್ಣಿ" ಎಂದು ಅವಳು ಪಾತ್ರೆ ಎತ್ತಿಕೊಂಡು ಹೋದಳು. ಮೊನ್ನೆ ಸಂಜೆ ಅಕಾಲದ ಮಳೆ ಸುರಿದು ಕಣದಲ್ಲಿ ಒಣಗುತ್ತಿದ್ದ ಕಾಫಿಯೆಲ್ಲ ನೆನೆಯಿತು. ಟಾರ್ಪಾಲು ಹೊದಿಸಬೇಕಿದ್ದ ಸೆಲ್ವಿ, ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರೆಂದು, ತೋಟದಿಂದ ಆಳುಗಳಿಗೆ ಕೊಟ್ಟ ಲೈನ್ ಮನೆಗೆ ಓಡಿದ್ದು ಮೊಣ್ಣಪ್ಪನವರಿಗೆ ಮಾತ್ರ ಗೊತ್ತಿತ್ತು. ಇನ್ನೊಂದು ತಪ್ಪಾದರೆ ಆ ಮನೆ ಬಿಡಬೇಕೆಂದು ಸಾಹುಕಾರರು ಅವಳಿಗೆ ಮೊದಲೇ ಹೇಳಿದ್ದರು. "ಟಾರ್ಪಾಲು ಯಾರು ಹಾಕ್ಬೇಕಿತ್ತು ಮಾರಾಯ? ಎಲ್ಲಿ, ನಿನ್ನ ಇಂಗ್ಲಿಷ್ ತೆಗಿ!" ಎಂದು ಸಾಹುಕಾರರು ಗದರಿದರು. ಮೊಣ್ಣಪ್ಪನವರು ಟೊಪ್ಪಿ ತೆಗೆದರು, ಬಾಯಿಯನ್ನೂ ತೆರೆದರು. ಸಂದರ್ಭ ಹೇಳಿದರೆ ಸೆಲ್ವಿಯ ಹೆಸರೂ ಹೊರಗೆ ಬರುತ್ತಿತ್ತು. "ನಾನೇ ಸಾರ್. ಮರ್ತುಬಿಟ್ಟೆ. ಕಾರಣ ಎಂತದೂ ಇಲ್ಲ" ಎಂದರು, ಅಚ್ಚ ಕನ್ನಡದಲ್ಲಿ.