ಕಿವಿಯಲ್ಲಿ ಹೇಳಿದ ಹೆಸರು

ನನ್ನ ತಂಗಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಮಗು. ಶಿವಮೊಗ್ಗದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಮಲಗಿ, ಸತ್ತು ಬದುಕಿ ಬಂತು. ನಮಗೆ ತಾಯಿಯಿಲ್ಲ, ಹಾಗಾಗಿ ಬಾಣಂತನ ಆಲ್ಕೊಳದ ನನ್ನ ಮನೆಯಲ್ಲಿ.

ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನೂ ಕೂರಿಸಿಕೊಂಡು ಹೇಳಿದರು: "ನೋಡಿ, ರೋಗ ತಡ್ಕೊಳ್ಳೋ ಶಕ್ತಿ ತಾಯಿಯಿಂದ ಮಗುಗೆ ಬರೋದು ಹೆಚ್ಚಾಗಿ ಕೊನೇ ತಿಂಗಳುಗಳಲ್ಲಿ. ಇವಳು ಅದಕ್ಕೆ ಮುಂಚೇನೇ ಬಂದ್ಬಿಟ್ಲು. ಶ್ವಾಸಕೋಶ ಇನ್ನೂ ಬಲಿತಿಲ್ಲ, ಉಸಿರಿನ ದಾರಿ ಸಣ್ಣದು. ತೂಕ ಬಂತು ಅಂತ ಮೈಮರೀಬೇಡಿ. ಈ ಚಳಿಗಾಲ ಕಳೀಲಿ. ನೆಗಡಿ ಇರೋರನ್ನ ಹತ್ರ ಸೇರಿಸ್ಬೇಡಿ."

ಸೇರಿಸಲಿಲ್ಲ. ನನ್ನ ಬಾಯಿ ಮೊದಲೇ ಜೋರು. ನೋಡಲು ಬಂದವರನ್ನೆಲ್ಲ ಗೇಟಿನಲ್ಲೇ ಮಾತಾಡಿಸಿ ಕಳಿಸಿದೆ. ಗಂಡ ಒಮ್ಮೆ ಕೆಮ್ಮಿದರೂ ಸಾಕು, ಹಾಸಿಗೆ ಹೊರಗಿನ ಕೋಣೆಗೆ. ಬೀದಿಯವರು ನನಗೆ ಪೊಲೀಸಮ್ಮ ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ, ನನಗೇನು! ಮಗುವಿನ ಕೆನ್ನೆ ತುಂಬಿಕೊಂಡಿತು. ನನ್ನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ.

ಆ ಕೆನ್ನೆಯೇ ಮುಳುವಾಯಿತು. ಭದ್ರಾವತಿಯಿಂದ ಬಂದ ತಂಗಿಯ ಅತ್ತೆ ಮಗುವನ್ನು ನೋಡಿದವರೇ, "ಏನು ಮಾರಾಯ್ತಿ, ಇಷ್ಟು ದುಂಡಗಿರೋ ಮಗೂನ ಇನ್ನೂ ಬಚ್ಚಿಟ್ಕೊಂಡಿದೀಯಲ್ಲ! ಹೆಸರಿಡೋದು ಯಾವಾಗ?" ಎಂದರು. ಚಳಿಗಾಲ ಇನ್ನೂ ಕಳೆದಿಲ್ಲ ಎಂದು ನಾನು ಕೂಗಾಡಿದೆ. ತಂಗಿ ನನ್ನ ಕೈ ಹಿಡಿದಳು. "ಬಿಡಕ್ಕ, ಒಂದು ದಿನ ತಾನೇ. ನಾನೂ ಆ ಮನೇಲಿ ಬಾಳ್ಬೇಕು" ಎಂದಳು.

ನಾಮಕರಣದ ದಿನ ಭದ್ರಾವತಿಯ ಆ ಪುಟ್ಟ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನನ್ನ ತಂಗಿಯ ನಾದಿನಿ. ಒಳ್ಳೆಯ ಹುಡುಗಿ, ಮಗುವಿಗೆ ತಾನೇ ಉಲ್ಲನ್ ಕುಲಾವಿ ಹೆಣೆದು ತಂದಿದ್ದಳು. ಅವಳ ಮೂಗು ಕೆಂಪಾಗಿತ್ತು, ಕೈಯಲ್ಲಿ ಕರ್ಚೀಫು.

"ನೆಗಡಿ ಆಗಿದ್ಯಲ್ಲಮ್ಮ, ದೂರದಿಂದ್ಲೇ ಹೇಳು" ಎಂದೆ.

ಅವಳು ಹಿಂದೆ ಸರಿದಳು ಕೂಡ. ಅವಳ ತಾಯಿ ಬಿಡಬೇಕಲ್ಲ! "ದೂರದಿಂದ ಕೂಗೋಕೆ ಇದೇನು ಬಸ್ ಸ್ಟ್ಯಾಂಡಾ? ಬರೀ ನೆಗಡಿ ತಾನೇ, ಯಾರಿಗೆ ಆಗಲ್ಲ?" ಎಂದರು. ಹೆಂಗಸರೆಲ್ಲ ನಕ್ಕರು. ಅವಳು ಕುಲಾವಿ ಸರಿಸಿ, ಮಗುವಿನ ಕೆನ್ನೆಗೆ ಮುಖ ತಾಗಿಸಿ, ಮೂರು ಸಲ ಹೆಸರು ಹೇಳಿದಳು. ಕೊನೆಗೊಂದು ಮುತ್ತನ್ನೂ ಕೊಟ್ಟಳು.

ವಾರದೊಳಗೆ ಮಗು ಹಾಲು ಕುಡಿಯುವುದನ್ನು ಬಿಟ್ಟಿತು. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಹೋಗುತ್ತಿತ್ತು. ಮತ್ತೆ ಅದೇ ಆಸ್ಪತ್ರೆ, ಅವೇ ಕೊಳವೆಗಳು. ಮಾಮೂಲಿ ನೆಗಡಿಯೇ ಶ್ವಾಸಕೋಶಕ್ಕೆ ಇಳಿದಿದೆ ಎಂದರು ಡಾಕ್ಟರು. ನಮ್ಮನ್ನು ಬೈಯಲೂ ಇಲ್ಲ. ಮಗು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಗಂಡಸರು ಹೊರಗೆ ಕೈಕಾಲು ತೊಳೆಯುತ್ತಿದ್ದರು. ಆ ನಾದಿನಿ ಎದುರಿಗೆ ಸಿಕ್ಕರೆ ಏನೇನು ಅನ್ನಬೇಕೆಂದು ಎಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವಳೇ ಬಂದು ನನ್ನ ಪಕ್ಕ ನೆಲದ ಮೇಲೆ ಕುಳಿತಳು. ಕೈಯಲ್ಲಿ ಆ ಕುಲಾವಿ.

"ನಂಗೆ ಒಂದು ಲೋಟ ಕಷಾಯಕ್ಕೆ ವಾಸಿ ಆಗೋಯ್ತಲ್ಲಕ್ಕ" ಎಂದಳು. "ಅದೇ ನೆಗಡಿ."